ಗುಬ್ಬಿಯ ದನಿ

ಮನೆಯ ಮಾಳಿಗೆಯ ಮೇಲೆ ಆಂಟೆನಾವನ್ನು ಇಳಕಲ್ ದಿಕ್ಕಿಗೆ ಹಿಡಿದು ನಿಂತ ವಿರುಪಾಕ್ಷಿಗೆ ಕೈಯಲ್ಲಿನ ರೇಡಿಯೋದಿಂದ ಬರೀ ಸರ್ರೆನ್ನುವ ಸದ್ದು ಕೇಳುತ್ತಿತ್ತು. ಬೆಳಗಿನ ಒಂಬತ್ತು ನಲವತ್ತೊಂದು. ಉಪಗ್ರಹ ಆಗಲೇ ಉತ್ತರದಲ್ಲಿ ಎದ್ದಿರಬೇಕು. ಹತ್ತು ನಿಮಿಷದೊಳಗೆ ಕುಷ್ಟಗಿಯ ನೆತ್ತಿ ದಾಟಿ ಕೊಪ್ಪಳದ ಕಡೆ ಮುಳುಗಿಬಿಡುತ್ತದೆ.

ಅದರ ಹೆಸರು ಗುಬ್ಬಿ. ಶ್ವೇತಾ ಎಂಬ ಉಪನ್ಯಾಸಕಿ ತನ್ನ ವಿದ್ಯಾರ್ಥಿಗಳ ಜೊತೆ ಸೇರಿ ಕಟ್ಟಿದ, ಊಟದ ಡಬ್ಬಿಯಷ್ಟು ದೊಡ್ಡ ಉಪಗ್ರಹ. ತನ್ನ ಹೆಸರನ್ನೂ ಬ್ಯಾಟರಿಯ ಬಲವನ್ನೂ ಉದ್ದ, ಗಿಡ್ಡ ಸದ್ದುಗಳ ಮೋರ್ಸ್ ಸಂಕೇತದಲ್ಲಿ ಕೂಗುತ್ತ ಸುತ್ತುತ್ತದೆ. ಹೋದ ವಾರದ ಗಾಳಿಗೆ ಅವರ ಕಾಲೇಜಿನ ಆಂಟೆನಾ ಮುರಿದು ಬಿದ್ದಿತ್ತು. ಅದು ರಿಪೇರಿಯಾಗುವ ತನಕ ಗುಬ್ಬಿಗೆ ಕಿವಿಗೊಡುವ ಕೆಲಸ, ಪೊಲೀಸ್ ವೈರ್‌ಲೆಸ್‌ನಲ್ಲಿ ಮೂವತ್ನಾಲ್ಕು ವರ್ಷ ಮೋರ್ಸ್ ಕೇಳಿ ನಿವೃತ್ತನಾದ ವಿರುಪಾಕ್ಷಿಗೆ ಬಂದಿತ್ತು. ಮೂರು ದಿನದಿಂದ ಅವನು ‘ದನಿ ಇಲ್ಲ’ ಎಂದೇ ಬರೆದು ಕಳಿಸಿದ್ದ. "ನಾಳೆನೂ ಕೇಳದಿದ್ರ ಬ್ಯಾಟರಿ ಸತ್ತೈತಂತ ಕೈಬಿಡ್ತೇವ್ರಿ ಸರ್," ಎಂದು ನಿನ್ನೆ ಶ್ವೇತಾ ಫೋನಿನಲ್ಲಿ ಹೇಳಿದ್ದಳು.

"ಮುಗೀತು ಬಿಡು," ವಿರುಪಾಕ್ಷಿ ಮಾಳಿಗೆಯ ಆ ತುದಿಯಲ್ಲಿ ಸಂಡಿಗೆ ಇಡುತ್ತಿದ್ದ ಹೆಂಡತಿಗೆ ಹೇಳಿದ. "ಪಾಪ, ಆ ಹುಡುಗೂರು ಎರಡ ವರ್ಷ ಒದ್ದಾಡಿದ್ರು."

ಶರಣಬಸಮ್ಮ ಕೈ ನಿಲ್ಲಿಸಿದಳು. "ಏನ ಮುಗೀತು? ಪೀಂ ಪೀಂ ಅಂತ ಕೂಗಾಕತ್ತೈತಲ್ಲರೀ."

"ಎಲ್ಲಿ?"

"ನಿಮ್ಮ ಕೈಯಾಗ."

ಅವನು ರೇಡಿಯೋದ ದನಿಯನ್ನು ಪೂರ್ತಿ ಏರಿಸಿದ. ಅದೇ ಸರ್ರೆನ್ನುವ ಸದ್ದು. ಹೆಂಡತಿಯ ಮುಖ ನೋಡಿದ. ತಮಾಷೆ ಮಾಡುತ್ತಿರಲಿಲ್ಲ.

"ಕುಕ್ಕರ್ ಸೀಟಿನೂ ನಿಮಗ ಕೇಳ್ಸೂದಿಲ್ರಿ," ಅವಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಎಂಟ ತಿಂಗಳಾತು. ಮಾತು ಕೇಳ್ತಾವ, ಪೀಂ ಅನ್ನೂ ಚೂಪ ದನಿ ಹೋಗ್ಯಾವ. ಕಿವಿನ ನನಗ ಅನ್ನ ಹಾಕ್ತು ಅಂತ ಎಲ್ಲಾರ ಮುಂದ ಹೇಳ್ತಿದ್ರಿ. ನಾ ಹೆಂಗ ಹೇಳ್ಲಿ?"

ವಿರುಪಾಕ್ಷಿ ಕಟ್ಟೆಯ ಮೇಲೆ ಕುಳಿತ. ಸತ್ತದ್ದು ಬ್ಯಾಟರಿಯಲ್ಲ. ಮೂರು ದಿನ ಆ ಮಕ್ಕಳನ್ನು ಅಳಿಸಿದ್ದು ತಾನು. ಗಡಿಯಾರ ನೋಡಿದ. ಇನ್ನೂ ಆರು ನಿಮಿಷ.

"ಶರಣಿ, ಬಾ ಇಲ್ಲಿ." ಎಡಗೈ ಚಾಚಿದ. "ಉದ್ದ ಕೂಗಿದ್ರ ಒತ್ತು. ಗಿಡ್ಡ ಕೂಗಿದ್ರ ಬರೇ ಮುಟ್ಟು."

ಅವಳು ರೇಡಿಯೋವನ್ನು ಮಡಿಲಲ್ಲಿಟ್ಟುಕೊಂಡು, ಹಿಟ್ಟು ಮೆತ್ತಿದ ಬೆರಳನ್ನು ಅವನ ಮಣಿಕಟ್ಟಿನ ಮೇಲಿಟ್ಟಳು. ಮೊದಲು ತಪ್ಪಿತು. "ಭಾಳ ಓಡ್ತೈತ್ರಿ ಇದು!" ಎಂದು ಗದರಿದಳು. ಆಮೇಲೆ ಲಯ ಸಿಕ್ಕಿತು. ಒತ್ತು, ಒತ್ತು, ಮುಟ್ಟು.

"ಜಿ," ಎಂದ ವಿರುಪಾಕ್ಷಿ. ಬಲಗೈಯಲ್ಲಿ ಆಂಟೆನಾ ನಿಧಾನವಾಗಿ ನೆತ್ತಿಗೇರುತ್ತಿತ್ತು. ಮುಟ್ಟು, ಮುಟ್ಟು, ಒತ್ತು. "ಯು." ಅಕ್ಷರಗಳು ಚರ್ಮದಿಂದ ಒಳಗಿಳಿದವು. ಹೆಸರು ಮುಗಿದು ಅಂಕಿ ಬಂದವು. "ಏಳು, ನಾಲ್ಕು... ಬ್ಯಾಟರಿ ಛಲೋ ಐತಿ ಶರಣಿ! ಜೀವ ಐತಿ!" ಅವನ ಕಣ್ಣು ಒದ್ದೆಯಾದವು. ಅವಳು ಸುಮ್ಮನಿರಿ ಎಂದು ತಲೆಯಾಡಿಸಿದಳು. ಗುಬ್ಬಿ ಇನ್ನೂ ಕೂಗುತ್ತಿತ್ತು.

ಕೊಪ್ಪಳದ ದಿಕ್ಕಿನಲ್ಲಿ ಅದು ಇಳಿದ ಮೇಲೆ ಶ್ವೇತಾಳ ಫೋನ್ ಬಂತು.

"ಇವತ್ತರ ಕೇಳಿಸ್ತೇನ್ರಿ ಸರ್?"

"ನನಗ ಕೇಳ್ಲಿಲ್ಲಮ್ಮ. ನನ್ನ ಕಿವಿ ಹೋಗ್ಯಾವ. ಕೇಳಿದಾಕಿ ಇಲ್ಲೇ ಅದಾಳ," ಎಂದು ಫೋನನ್ನು ಶರಣಬಸಮ್ಮನಿಗೆ ಕೊಟ್ಟ.

ಅವಳು ನಾಚಿ, ಸೆರಗಿಗೆ ಕೈ ಒರೆಸಿ, "ಹೂಂ ತಂಗಿ, ಬಂದಿತ್ತು," ಎಂದು ಶುರುಮಾಡಿದಳು. ಶುರುಮಾಡಿದವಳು ನಿಲ್ಲಿಸಲಿಲ್ಲ. ವಿರುಪಾಕ್ಷಿ ಎದ್ದು, ಒಂದು ಮಾತೂ ತಪ್ಪದಿರಲೆಂದು ಅವಳ ತುಟಿ ಕಾಣುವ ಹಾಗೆ ಎದುರಿಗೆ ಬಂದು ಕುಳಿತ.