ಕಡ್ಲೆಕಾಯಿ ಕಿತ್ತು ಬತ್ತೀನಿ ಅಂದವಳು

ಹೆಂಚಿನ ಮೇಲಿನ ಪಾಚಿ ಕಾಣುತ್ತಿದೆ, ಸಿನಿಮಾದ ಆ ಮನೆಯ ಮಾಡಿನಲ್ಲಿ ಪಾಚಿ ಇತ್ತೆಂದು ನನಗೆ ಗೊತ್ತಾದದ್ದೇ ಈವತ್ತು, ಹಳೇ ಪ್ರೊಜೆಕ್ಟರಿನಲ್ಲಿ ಅದೊಂದು ಹಸಿರು ಕಲೆ, ಮರವೋ ಮನೆಯೋ ನಾವೇ ಅಂದುಕೊಳ್ಳಬೇಕಿತ್ತು, ಈಗ ನೋಡಿದರೆ ಗೋಡೆಯ ಬಿರುಕು, ಬಿರುಕಿನೊಳಗೆ ಇರುವೆ ಸಾಲು — ಇರುವೆ ನೋಡುವುದಕ್ಕೆ ಇಷ್ಟು ದೊಡ್ಡ ಮಿಷನ್ ಬೇಕೇನಪ್ಪ ಎಂದರೆ ಜಯಚಂದ್ರ ನಕ್ಕ, ಅಂಗಡಿಯವನು, ನಗದೆ ಏನು ಮಾಡಿಯಾನು, ಊಟದ ಹೊತ್ತಿಗೆ ಬಂದು ಹೊಸ ಪ್ರೊಜೆಕ್ಟರನ್ನು ಟೀಪಾಯಿಯ ಮೇಲೆ ಕೂರಿಸಿದ, ಹಳೆಯದನ್ನು ಬಿಚ್ಚಿ ಮಂಚದ ಮೇಲಿಟ್ಟ, ಆಮೇಲೆ ನನ್ನ ಮುಖಕ್ಕೆ ನೇರವಾಗಿ ನಿಂತು ಬಾಯಿ ದೊಡ್ಡದು ಮಾಡಿಕೊಂಡು, ಫೋರ್ ಕೆ ಅಕ್ಕ, ಕೆಳಗಡೆ ಬರೋ ಅಕ್ಷರ ಪೇಪರ್ ಓದ್ದಂಗೆ ಓದ್ಬೋದು, ಕಿವಿ ಕೇಳಿಸ್ದಿದ್ರೂ ಇನ್ಯಾರ ಹಂಗೂ ಬ್ಯಾಡ, ಸಾಯಂಕಾಲ ಬತ್ತೀನಿ, ಬೇಕು ಅಂದ್ರೆ ಹಳೇದನ್ನ ಎಕ್ಸ್‌ಚೇಂಜ್‌ಗೆ ಎತ್ಕೊಂಡ್ ಹೋಯ್ತೀನಿ, ಬ್ಯಾಡ ಅಂದ್ರೆ ಹೊಸದನ್ನ. ಯಾರ ಹಂಗೂ ಬೇಡವಂತೆ, ಹಂಗಿಗೆ ಯಾರಾದರೂ ಉಳಿದಿದ್ದರೆ ತಾನೇ ಕಣಪ್ಪ. ಎರಡರಲ್ಲಿ ಒಂದು ಈ ಮನೆಯಿಂದ ಹೋಗಬೇಕು, ಹೊತ್ತು ಇಳಿಯುತ್ತಿದೆ, ನಾನು ಪರದೆ ಎಳೆದು ಕತ್ತಲು ಮಾಡಿಕೊಂಡು ಕೂತಿದ್ದೇನೆ, ಸೋಫಾದ ಬಲತುದಿಯಲ್ಲಿ, ಎಡಗಡೆ ಜಾಗ ಬಿಟ್ಟು.

ಕಿವಿ ಹೋದದ್ದು ಮಗ್ಗದಿಂದ, ನಮ್ಮದೇ ಪವರ್‌ಲೂಮು, ಹಿಂದೂಪುರಕ್ಕೆ ಸೊಸೆಯಾಗಿ ಬಂದಾಗಿನಿಂದ ಆ ಶೆಡ್ಡಿನಲ್ಲೇ ನೂಲು ಸುತ್ತಿದವಳು ನಾನು, ಅಲ್ಲಿ ಮಾತಾಡುವ ರೀತಿಯೇ ಬೇರೆ, ಕೂಗಿದರೆ ಯಾರಿಗೂ ಕೇಳಿಸದು, ಹತ್ತಿರ ಹೋಗಿ ಭುಜ ಮುಟ್ಟಿ, ಕಿವಿಗೆ ಬಾಯಿಟ್ಟು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬೇಕು, ನೂಲು ತುಂಡಾಯ್ತು, ಕರೆಂಟು ಹೋಯ್ತದೆ, ಊಟಕ್ಕೆ ಬಾ — ಇವರು ಮನೆಗೆ ಬಂದ ಮೇಲೂ ಹಾಗೆಯೇ ಮಾತಾಡುತ್ತಿದ್ದರು, ಸರಸವೂ ಜಗಳವೂ ನನ್ನ ಎಡಗಿವಿಗೇ, ಅಲ್ಲಿ ಇನ್ನೂ ಚೂರು ಕೇಳಿಸುತ್ತದೆಂದು ಇವರೊಬ್ಬರಿಗೇ ಗೊತ್ತಿತ್ತು. ಹರಿಕೃಷ್ಣ. ಗಂಡನ ಹೆಸರು ಹೇಳಬಾರದು ಅಂತಾರೆ, ಈಗ ಹೇಳಿದರೆ ಬೈಯುವವರು ಯಾರು, ಹರಿಕೃಷ್ಣ, ಹರಿಕೃಷ್ಣ, ನನ್ನ ದನಿ ನನಗೇ ಸರಿಯಾಗಿ ಕೇಳುತ್ತಿಲ್ಲ. ಕಿವಿಗೆ ಹಾಕುವ ಮಿಷನ್ನು ಡಬ್ಬಿಯಲ್ಲಿದೆ, ಹಾಕಿಕೊಂಡರೆ ಫ್ಯಾನಿನ ಸದ್ದೂ ಸಿನಿಮಾದ ಸದ್ದೂ ಕಲಸಿ ಕುಯ್ಯೋ ಅನ್ನುತ್ತದೆ. ಮಲಯಾಳದ ಸಿನಿಮಾ ಅಂದರೆ ಪ್ರಾಣ ಇವರಿಗೆ, ಇಬ್ಬರಿಗೂ ಆ ಭಾಷೆ ಬಾರದು, ಕೆಳಗೆ ತೆಲುಗಿನಲ್ಲಿ ಅಕ್ಷರ ಬರುತ್ತಿತ್ತು, ಬಂದೇನು, ಒತ್ತು ದೀರ್ಘ ಎಲ್ಲ ಅಂಟಿಕೊಂಡು ಹಸಿ ಗೋಡೆಯ ಮೇಲೆ ಬರೆದಂತೆ, ನಿಮಗೆ ಕಾಣ್ತದೇನ್ರೀ ಅಂದರೆ, ನಂದು ಹದ್ದಿನ ಕಣ್ಣು ಕಣೇ, ನೀನ್ ಸುಮ್ಕೆ ಚಿತ್ರ ನೋಡು, ನಾನ್ ಹೇಳ್ತೀನಿ. ಹೇಳಿದರು, ವರ್ಷಗಟ್ಟಲೆ ಹೇಳಿದರು, ಭುಜ ಮುಟ್ಟಿ, ಎಲೆ ಅಡಿಕೆಯ ವಾಸನೆಯ ಜೊತೆಗೆ, ಬಸ್ಸು ತಪ್ಪೋಯ್ತು ಅಂತ ಬೈತಾವ್ನೆ, ಅವ್ರಮ್ಮ ಉಣ್ಣಾಕೆ ಕರೀತಾವ್ಳೆ, ಎಷ್ಟು ಒಳ್ಳೆಯ ಜನ ಈ ಮಲಯಾಳದವರು ಅಂದುಕೊಂಡಿದ್ದೆ ನಾನು.

ಈವತ್ತು ಅದೇ ಸಿನಿಮಾ ಹಾಕಿದೆ, ನಮ್ಮಿಬ್ಬರಿಗೂ ಇಷ್ಟವಾದದ್ದು, ದೋಣಿಯದ್ದು. ಗಂಡ ಹೆಂಡತಿ ಊಟಕ್ಕೆ ಕೂತಿದ್ದಾರೆ, ಅವನೇನೋ ಅನ್ನುತ್ತಾನೆ, ಅವಳು ಅಳುತ್ತಾಳೆ — ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂದ, ಅದ್ಕೇ ಅಳ್ತಾವ್ಳೆ, ಇವರು ಹೇಳಿದ್ದು ಹಾಗೆ, ಇಷ್ಟಕ್ಕೆಲ್ಲ ಅಳ್ತಾರೇನ್ರೀ ಎಂದು ನಾನು ನಕ್ಕಿದ್ದೆ — ಈಗ ಅಕ್ಷರ ಬಂತು, ಬಿಳಿ ಬಿಳಿ, ಒಂದೊಂದು ಒತ್ತೂ ಬಿಡಿಬಿಡಿಯಾಗಿ, ನಿನ್ನ ಜೊತೆ ಈ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆ ಅನ್ನುತ್ತಿದ್ದಾನೆ ಅವನು. ಉಪ್ಪಿನ ಮಾತೇ ಇಲ್ಲ. ಇನ್ನೊಂದು ಸಲ ಹಿಂದಕ್ಕೆ ಓಡಿಸಿ ಓದಿದೆ, ಉಪ್ಪಿಲ್ಲ. ಆಮೇಲೆ ದೋಣಿ, ಅವಳು ಟಿಫನ್ ಕ್ಯಾರಿಯರ್ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ, ದೋಣಿ ದಡ ಬಿಡುತ್ತದೆ, ತಿರುಗಿ ನೋಡಿ ಬಾಯಿ ತೆರೆಯುತ್ತಾಳೆ — ತವರಿಗೆ ಹೊಂಟವ್ಳೆ, ಕಡ್ಲೆಕಾಯಿ ಕಿತ್ತು ಬತ್ತೀನಿ, ಬಾಗ್ಲು ತೆಗೆದಿಟ್ಟಿರು ಅಂತಾವ್ಳೆ — ಆ ನೀರು ತುಂಬಿದ ಊರಲ್ಲಿ ಕಡ್ಲೆಕಾಯಿ ಎಲ್ಲಿ ಬೆಳೆಯುತ್ತದೆ ದೇವರೇ, ನನಗಾದರೂ ಹೊಳೆಯಬೇಡವೇ, ತಮ್ಮ ಕಲ್ಯಾಣದುರ್ಗದ ಹೊಲ ಬಿಟ್ಟರೆ ಈ ಮನುಷ್ಯನ ತಲೆಯಲ್ಲಿ ಬೇರೆ ಊರೇ ಇರಲಿಲ್ಲ. ಅಕ್ಷರದಲ್ಲಿ ಇರುವುದು ಎರಡೇ ಪದ, ನನಗಾಗಿ ಕಾಯಬೇಡ ಅಂತ. ಹದ್ದಿನ ಕಣ್ಣಂತೆ, ಸುಳ್ಳುಬುರುಕ, ಇವರಿಗೂ ಒಂದಕ್ಷರ ಕಂಡಿಲ್ಲ, ಇಷ್ಟು ವರ್ಷ ಕೂತು ಕೂತು ಕಟ್ಟಿದ್ದಾರೆ, ಕೋಪ ಬಂತು, ನಿಜವಾಗಿಯೂ ಬಂತು, ಆಮೇಲೆ ನಗು, ನಕ್ಕು ಎಡಕ್ಕೆ ತಿರುಗಿದೆ, ಬೈಯಬೇಕಲ್ಲ, ಅಲ್ಲಿ ದಿಂಬು ಇತ್ತು.

ರಿಮೋಟು ಒತ್ತಿ ನಿಲ್ಲಿಸಿದ್ದೇನೆ, ಅವಳ ಬಾಯಿ ಅರ್ಧ ತೆರೆದಿದೆ. ಅವತ್ತು ಹಿಂದೂಪುರದ ಬಸ್‌ಸ್ಟ್ಯಾಂಡು, ದಸರಾ ಕಳೆದಿತ್ತು, ಕಲ್ಯಾಣದುರ್ಗದ ಬಸ್ಸಿನ ಕಿಟಕಿಯಲ್ಲಿ ಇವರು, ಅಣ್ಣತಮ್ಮಂದಿರ ಪಾಲಿನ ಹೊಲದಲ್ಲಿ ಕಡ್ಲೆಕಾಯಿ ಕೀಳಿಸಲು ಹೊರಟವರು, ಡ್ರೈವರು ಇಂಜಿನ್ ಶುರು ಮಾಡಿದ, ಕಿಟಕಿಯಿಂದ ನನ್ನ ಭುಜ ಎಟಕುವುದಿಲ್ಲ, ಎಡಗಿವಿಯೂ ಎಟಕುವುದಿಲ್ಲ, ಇವರು ಎಲೆ ಅಡಿಕೆ ತುಂಬಿದ ಬಾಯಿ ತೆರೆದು ಏನೋ ಅಂದರು, ತುಟಿ ನೋಡಿದರೂ ತಿಳಿಯಲಿಲ್ಲ, ನಾನು ತಿಳಿದವಳಂತೆ ತಲೆ ಆಡಿಸಿದೆ, ಬರುತ್ತಾರಲ್ಲ, ಬಂದ ಮೇಲೆ ಕೇಳಿದರಾಯಿತು. ಹೊಲದ ಬದುವಿನ ಮೇಲೆ ಕೂತವರು ಹಾಗೇ ಒರಗಿದರಂತೆ, ನೀರು ಕೇಳ್ದ ಕಣಮ್ಮ, ತರೋ ಅಷ್ಟೊತ್ಗೆ ಹೋಗ್ಬುಟ್ಟ, ಇವರ ಅಕ್ಕ ಗೌರಕ್ಕ ನನ್ನನ್ನು ತಬ್ಬಿಕೊಂಡು ಹೇಳಿದರು, ಬಲಗಿವಿಗೆ, ಎಲ್ಲರೂ ಬಲಗಿವಿಗೇ ಬರುತ್ತಾರೆ, ಬಿಡಿಸಿಕೊಂಡು, ಮತ್ತೆ ಹೇಳಿಸಿ, ತುಟಿ ನೋಡಿ ತಿಳಿದುಕೊಂಡೆ, ಈಗಲೂ ಫೋನಿನಲ್ಲಿ ಮುಖ ತೋರಿಸಿ, ಒಂಟಿಗಾ ಏಂ ಚೇಸ್ತಾವಮ್ಮಾ, ಒಬ್ಳೇ ಏನ್ ಮಾಡ್ತೀಯ, ಇಲ್ಲಿಗೇ ಬಂದ್ಬುಡು ಅನ್ನುತ್ತಾರೆ, ಒಳ್ಳೆಯವರು, ಹೋದರೆ ಅಲ್ಲಿ ಆ ಬದು ಇದೆ. ಹೊಸದಿದ್ದರೆ ಸಿನಿಮಾ ಎಲ್ಲ ತಿಳಿಯುತ್ತದೆ, ಯಾರು ಯಾರನ್ನು ಯಾಕೆ ಬಿಟ್ಟುಹೋದರು, ಎಲ್ಲ ಸ್ಪಷ್ಟ, ಸಂಜೆಗಳು ಹೇಗೋ ಸರಿಯುತ್ತವೆ, ಒಬ್ಬಳೇ ನೋಡಿ ಒಬ್ಬಳೇ ತಿಳಿದುಕೊಂಡು ಒಬ್ಬಳೇ ಎದ್ದು ಲೈಟು ಹಾಕಬಹುದು. ಹಳೆಯದರಲ್ಲಿ ಏನೂ ತಿಳಿಯುವುದಿಲ್ಲ, ಆದರೆ ಅದರಲ್ಲಿ ಇವಳು ವಾಪಸು ಬರುತ್ತಾಳೆ.

ಎದ್ದು ಹೋಗಿ ಲೆನ್ಸಿನ ಸುತ್ತಲಿನ ಬಳೆ ತಿರುಗಿಸಿದೆ, ದಡದ ಮನೆಯ ಪಾಚಿ ಹೋಯಿತು, ಅಕ್ಷರ ಊದಿಕೊಂಡು ಒಂದಕ್ಕೊಂದು ಅಂಟಿತು, ಈಗ ಓದಲಾಗದು, ಸರಿ, ಬಂದು ಕೂತು ಎಡಕ್ಕೆ ವಾಲಿದೆ, ಹೇಳಿ, ಈಗ ಹೇಳಿ — ಭುಜಕ್ಕೆ ಯಾರ ಕೈಯೂ ಬರಲಿಲ್ಲ. ಬಾಗಿಲ ಮೇಲಿನ ಕೆಂಪು ಬಲ್ಬು ಮಿನುಗುತ್ತಿದೆ, ಬೆಲ್ಲಿನ ಸದ್ದು ನನಗೆ ಕೇಳದೆಂದು ಇವರೇ ವೈರು ಎಳೆದು ಹಾಕಿದ ಬಲ್ಬು, ಜಯಚಂದ್ರ ಬಂದ, ಹಳೆಯದು ಇರಲಿ ಕಣಪ್ಪ, ಹೊಸದನ್ನ ತಗೊಂಡು ಹೋಗು ಅನ್ನಬೇಕು, ಅನ್ನುತ್ತೇನೆ, ಏಳುತ್ತೇನೆ, ಬಲ್ಬು ಮಿನುಗುತ್ತಿದೆ, ಅವಳ ಬಾಯಿ ಅರ್ಧ ತೆರೆದಿದೆ, ಅವಳ ಮಾತಿಗೆ ಕೆಳಗೆ ಅಕ್ಷರವಾದರೂ ಇತ್ತು, ಬಸ್ಸಿನ ಕಿಟಕಿಯ ಕೆಳಗೆ ಏನೂ ಬರಲಿಲ್ಲ, ಧೂಳು ಮೆತ್ತಿದ ತಗಡು ಅಷ್ಟೇ, ಅದರ ಮೇಲೆ ಕಿಟಕಿ, ಕಿಟಕಿಯಲ್ಲಿ ಇವರ ಬಾಯಿ, ಅರ್ಧ ತೆರೆದಿದೆ