ಕಂಬಕ್ಕೂ ಸಾರಿ ಹೇಳುವ ಮನುಷ್ಯ

ನನ್ನ ಗಂಡ ವಿಲ್ಫ್ ದೀಪದ ಕಂಬಕ್ಕೆ ಡಿಕ್ಕಿ ಹೊಡೆದರೂ "ಸಾರಿ" ಅನ್ನುತ್ತಾನೆ. ತುಳಿದವನಿಗೆ ತುಳಿಸಿಕೊಂಡವನೇ ಸಾರಿ ಹೇಳುವ ಜನ ನಾವು, ಅದರಲ್ಲಿ ಇವನದು ಒಂದು ಕೈ ಮೇಲೆ. ಬಸ್ಸಿನಲ್ಲಿ ಸಾರಿ, ಅಂಗಡಿಯಲ್ಲಿ ಸಾರಿ, ಪಬ್ಬಿನಲ್ಲಿ ತನ್ನ ಬಿಯರನ್ನು ಚೆಲ್ಲಿದವನಿಗೂ ಸಾರಿ. ಹೆತ್ತ ಮಗಳಿಗೆ ಹೇಳು ಅಂದರೆ ಮಾತ್ರ ಬಾಯಿಗೆ ಬೀಗ.

ಮಗಳು ಲೊರೇನ್ ಡಂಕನ್‌ನನ್ನು ಮದುವೆಯಾಗಿ ಮೂರು ವರ್ಷವಾಯಿತು. ಡಂಕನ್ ಒಳ್ಳೆಯ ಹುಡುಗ. ಆದರೆ ಗಣಿಯ ದೊಡ್ಡ ಮುಷ್ಕರದ ವರ್ಷ, ವಿಲ್ಫ್ ಸೇರಿ ಊರೆಲ್ಲ ಅರೆಹೊಟ್ಟೆಯಲ್ಲಿದ್ದಾಗ, ಅವನಪ್ಪ ಮುಷ್ಕರ ಮುರಿದು, ಕಲ್ಲೇಟು ಬೀಳದಂತೆ ಕಿಟಕಿಗೆ ಜಾಲರಿ ಬಿಗಿದ ಬಸ್ಸು ಹತ್ತಿ ಕೆಲಸಕ್ಕೆ ಹೋದ. ಅಂಥವರನ್ನು ನಮ್ಮೂರಿನಲ್ಲಿ ಇವತ್ತಿಗೂ ಯಾರೂ ಮಾತಾಡಿಸುವುದಿಲ್ಲ. ಗಣಿ ಮುಚ್ಚಿ ಅಲ್ಲಿ ಸೂಪರ್ ಮಾರ್ಕೆಟ್ ಬಂದಿದೆ, ಅಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡೇ ಹೋಗುತ್ತಾರೆ. ಮದುವೆಯ ದಿನ ವಿಲ್ಫ್ ಸೂಟು ತೊಟ್ಟು ಮೆಟ್ಟಿಲ ಮೇಲೆ ಕೂತವನು ಏಳಲೇ ಇಲ್ಲ. ನಾನೊಬ್ಬಳೇ ಹೋದೆ. ಲೊರೇನ್ ಅಪ್ಪನ ತೋಳಿಲ್ಲದೆ ಚರ್ಚಿನೊಳಗೆ ನಡೆದು ಬಂದದ್ದನ್ನು ನೋಡಿದೆ.

ಮೊನ್ನೆ ಅವಳು ಫೋನ್ ಮಾಡಿದಳು. "ಭಾನುವಾರ ಊಟಕ್ಕೆ ಬರ್ತೀನಮ್ಮ, ಒಬ್ಳೇ. ಅಪ್ಪ ಸಾರಿ ಹೇಳ್ಬೇಕು. ಇಲ್ದಿದ್ರೆ ಹುಟ್ಟೋ ಮಗೂನ ನಿಮ್ಮನೆ ಹೊಸ್ತಿಲು ತುಳಿಸಲ್ಲ."

ಭಾನುವಾರ ಬೆಳಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಓವನ್ನಿನ ಬಾಗಿಲು ತೆಗೆದರೆ ಪುಡ್ಡಿಂಗ್ ಉಬ್ಬುವುದಿಲ್ಲ ಅಂತ ನನಗೆ ಚಿಕ್ಕಂದಿನಿಂದ ಗೊತ್ತು. ಆದರೂ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. ಕಿಟಕಿಗೆ ಹೋಗಿ ಬೀದಿ ನೋಡಿದೆ. ವಿಲ್ಫ್ ಪೇಪರಿನ ಒಂದೇ ಪುಟವನ್ನು ಹಿಡಿದುಕೊಂಡು ಕೂತಿದ್ದ.

"ಹೇಳ್ತೀಯೋ ಇಲ್ವೋ?" ಅಂದೆ.

"ಅವನಪ್ಪ ಮಾಡಿದ್ದನ್ನ ಮರೆತುಬಿಡು ಅಂತೀಯಾ, ಆಡ್ರಿ?"

"ಅವನಪ್ಪ ಹಾಳಾಗಿ ಹೋಗ್ಲಿ ಕಣಯ್ಯ! ನಿನ್ನ ಮಗಳಿಗೆ ಹೇಳು ಅಂತಿದೀನಿ."

"ಸಾರಿ," ಅಂದ, ನನಗೆ! ಕೈಯಲ್ಲಿದ್ದ ಸೌಟಿನಲ್ಲೇ ಒಂದು ಬಿಡೋಣ ಅನ್ನಿಸಿತು.

ಲೊರೇನ್ ಬಂದಳು. ಹೊಟ್ಟೆ ಆಗಲೇ ಕಾಣುತ್ತಿತ್ತು. ವಿಲ್ಫ್ ಶುರು ಮಾಡಿದ. "ಸಾರಿ, ಈ ಬಾಗ್ಲು ಸ್ವಲ್ಪ ಬಿಗಿ." "ಸಾರಿ, ಇವತ್ತೇ ಮಳೆ ಬಂತು." "ಸಾರಿ, ಮಾಂಸ ಗಟ್ಟಿಯಾಯ್ತು." ಮಾಂಸ ಬೇಯಿಸಿದವಳು ನಾನು. ಮೇಜಿನ ಕೆಳಗೆ ಅವನ ಕಾಲಿಗೆ ಜೋರಾಗಿ ಒದ್ದೆ.

"ಸಾರಿ," ಅಂದ.

ಲೊರೇನ್ ನಗಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, "ಹೊರಡ್ತೀನಮ್ಮ," ಎಂದು ಎದ್ದಳು. ಇಕ್ಕಟ್ಟಿನ ಹಜಾರದಲ್ಲಿ ಅವಳು ಕೋಟು ತೊಡುತ್ತಿದ್ದಾಗ, ಹಿಂದೆಯೇ ಬಂದ ವಿಲ್ಫನ ಎದೆಗೆ ಅವಳ ಮೊಣಕೈ ಬಡಿಯಿತು.

"ಸಾರಿ ಅಪ್ಪ," ಅಂದಳು. ನಮ್ಮ ಬಾಯಿಂದ ಅದು ತಾನಾಗಿಯೇ ಬರುತ್ತದೆ.

ಅದಕ್ಕೆ ಅವನೂ ಸಾರಿ ಅನ್ನಬೇಕಿತ್ತು. ಬಾಯಿ ತೆರೆದವನು ಮುಚ್ಚಿಕೊಂಡ.

"ನೀನು ಹೇಳ್ಬೇಡ," ಅಂದ. "ಅವತ್ತು ನಾನು ಬರ್ಬೇಕಿತ್ತು. ಆ ಮನುಷ್ಯ ಅಲ್ಲಿರ್ತಾನಲ್ಲ ಅಂತಷ್ಟೇ ಯೋಚ್ನೆ ಮಾಡಿದೆ. ನೀನು ಒಬ್ಳೇ ನಡೀಬೇಕಾಗತ್ತೆ ಅಂತ ಹೊಳೀಲೇ ಇಲ್ಲ. ನಿನ್ನ ಕೈ ಹಿಡ್ಕೊಂಡು ಹೋಗ್ಬೇಕಾದವನು ನಾನು. ತಪ್ಪು ನಂದು ಕಣಮ್ಮ. ಸಾರಿ."

ಇಂಥ ಕಡೆ ನಾವು "ಪರವಾಗಿಲ್ಲ" ಅನ್ನುತ್ತೇವೆ. ರಕ್ತ ಸುರಿಯುತ್ತಿದ್ದರೂ ಅನ್ನುತ್ತೇವೆ. ಅವನು ಅದಕ್ಕಾಗಿ ಕಾಯುತ್ತಿದ್ದ, ನಾನೂ ಕಾಯುತ್ತಿದ್ದೆ.

"ಪರವಾಗಿಲ್ಲ ಅಂತ ನಾನು ಹೇಳಲ್ಲಪ್ಪ," ಎಂದಳು ಲೊರೇನ್. ಅಳುತ್ತಿದ್ದಳು.

"ಹೇಳ್ಬೇಡ."

"ಮಗೂಗೆ ಇಬ್ರು ತಾತಂದಿರು. ನಾಮಕರಣದ ದಿನ ಇಬ್ರೂ ಚರ್ಚಲ್ಲಿ ಇರ್ಬೇಕು."

ವಿಲ್ಫ್ ಗೋಡೆಗೆ ಕೈ ಊರಿಕೊಂಡ.

"ಅವನ ಸಾಲಲ್ಲಿ ಕೂರಲ್ಲ," ಅಂದ ಕೊನೆಗೆ.

"ಹಿಂದಿನ ಸಾಲಲ್ಲಿ ಕೂತ್ಕೋ," ಎಂದು ಲೊರೇನ್ ಕೋಟಿನ ಗುಂಡಿ ಬಿಚ್ಚತೊಡಗಿದಳು. "ಬಂದು ಕೂತ್ಕೋ, ಅಷ್ಟು ಸಾಕು."