ಲೆಟ್ಯೂಸಿನ ಹಗಲು

ಲೋಲಾಕ್ಷಿಗೆ ಒಂದು ಆಸೆ ಹತ್ತಿತೆಂದರೆ ಮುಗಿಯಿತು. ಅದು ಕೈಗೂಡುವ ತನಕ ಅವಳೂ ಕೂರುವುದಿಲ್ಲ, ಗಂಡನನ್ನೂ ಕೂರಗೊಡುವುದಿಲ್ಲ. ಈ ಸಲ ಹತ್ತಿದ್ದು ಮನೆಯಲ್ಲೇ ಲೆಟ್ಯೂಸ್ ಸೊಪ್ಪು ಬೆಳೆಯುವ ಹುಚ್ಚು. ವಾಶಿಯಲ್ಲಿ ಸಲಾಡ್ ಡಬ್ಬಿ ತಯಾರಿಸಿ ಆಫೀಸುಗಳಿಗೆ ಕಳಿಸುವ ಮಾನಸಿ ಎಂಬ ಹುಡುಗಿ, "ಆಂಟಿ, ಎಲೆ ಚೆನ್ನಾಗಿದ್ರೆ ವಾರ ವಾರ ನಿಮ್ಮಿಂದಲೇ ತಗೊಳ್ತೇನೆ" ಅಂದದ್ದೇ ನೆಪ. ಇಪ್ಪತ್ತೈದು ವರ್ಷ ಬೇರೆಯವರ ಹೋಟೆಲುಗಳಿಗೆ ಚಟ್ನಿಪುಡಿ ಕುಟ್ಟಿಕೊಟ್ಟ ಕೈ ಅದು. ತನ್ನದು ಎಂದು ಹೇಳಿಕೊಳ್ಳಲು ಅವಳಿಗೊಂದು ಕೆಲಸ ಬೇಕಿತ್ತು, ಬೇಕೇ ಬೇಕಿತ್ತು.

ಡೊಂಬಿವಲಿಯ ಅವರ ಮನೆಯೋ, ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿ ತೆರೆದರೆ ಪಕ್ಕದ ಬಿಲ್ಡಿಂಗಿನ ಗೋಡೆ. ಬಿಸಿಲು ಕಾಣದೆ ಮೊದಲ ಸಸಿಗಳು ನೂಲಿನಂತೆ ಉದ್ದ ಬೆಳೆದು ಮಗುಚಿಬಿದ್ದವು. ಫೋನಿನಲ್ಲಿ ಕಂಡ, ಗಿಡ ಬೆಳೆಸುವ ನೇರಳೆ ಬಣ್ಣದ ಗ್ರೋ ಲೈಟಿನ ಬೆಲೆ ನೋಡಿ ಅವಳ ಎದೆ ಧಸಕ್ಕೆಂದಿತು. ಸ್ಟೇಷನ್ ಹತ್ತಿರ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟ ಜಯೇಶನಿಗೆ ಅದನ್ನೇ ತೋರಿಸಿದಳು.

"ಇದು ಫೋಟೋಗೆ ಚಂದ, ಮಾಮಿ," ಎಂದು ನಕ್ಕ ಜಯೇಶ್. "ಸೊಪ್ಪಿಗೆ ಮನೆಗೆ ಹಾಕುವ ಬಿಳಿ ಎಲ್‌ಇಡಿ ಟ್ಯೂಬೇ ಬಸ್, ಸಾಕು. ಇಪ್ಪತ್ತು ವಾಟಿನದ್ದು ಎರಡು ಒಯ್ಯಿರಿ. ಎಲೆಗಿಂತ ಒಂದು ಗೇಣು ಮೇಲೆ ಕಟ್ಟಿ, ದಿನಕ್ಕೆ ಹದಿನಾಲ್ಕು ತಾಸು ಉರಿಸಿ."

ಅವನು ಹೇಳಿದ್ದು ಸುಳ್ಳಾಗಲಿಲ್ಲ. ಹತ್ತೇ ದಿನಕ್ಕೆ ಎಲೆಗಳು ಅಗಲವಾಗಿ, ಅಂಚು ಸುರುಳಿ ಸುರುಳಿಯಾಗಿ ಎದ್ದು ನಿಂತವು. ಮಲಗಲು ಆಗದೆ ಹೋದದ್ದು ದಯಾನಂದನಿಗೆ.

ಲೋಲಾಕ್ಷಿಯ ಗಂಡ ದಯಾನಂದನಿಗೆ ತುರ್ಭೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಹನ್ನೊಂದು ವರ್ಷದಿಂದ ರಾತ್ರಿ ಪಾಳಿ. ಬೆಳಿಗ್ಗೆ ಎಂಟೂವರೆಗೆ ಮನೆಗೆ ಬಂದು ಗಂಜಿ ಉಂಡು ಮಲಗಿದರೆ ಮೂರರ ತನಕ ಗೊರಕೆ. ಈಗ ಅದೇ ಮಂಚದ ಕಾಲಬುಡದಲ್ಲಿ ಸೊಪ್ಪಿನ ಕಪಾಟು, ಮೇಲೆ ಕಣ್ಣು ಕೋರೈಸುವ ಎರಡು ಟ್ಯೂಬು. ಲೋಲಾಕ್ಷಿ ಬೆಳಿಗ್ಗೆ ಆರಕ್ಕೆ ಹಾಕಿ ರಾತ್ರಿ ಎಂಟಕ್ಕೆ ಆರಿಸುತ್ತಿದ್ದಳು. ಕತ್ತಲಾದ ಮೇಲೆ ಗಿಡ ಮುಟ್ಟಬಾರದು, ಅವು ಮಲಗಿರುತ್ತವೆ ಎಂದು ಉಡುಪಿ ಕಡೆಯ ಅವಳ ಅಮ್ಮ ಕಲಿಸಿದ್ದು. ಗಿಡದ ನಿದ್ದೆಯ ಬಗ್ಗೆ ಅಷ್ಟು ಕಾಳಜಿ! ಗಂಡ ಮುಖದ ಮೇಲೆ ಮೈ ಒರೆಸುವ ಬೈರಾಸು ಹಾಕಿಕೊಂಡು ಮಗ್ಗುಲು ಬದಲಿಸುತ್ತಿದ್ದ.

"ಆರಿಸ್ಲಾ?" ಎಂದು ಕೇಳಿದರೆ, "ಬೇಡ ಮಾರಾಯ್ತಿ, ಅಭ್ಯಾಸ ಆಗ್ತದೆ" ಎನ್ನುತ್ತಿದ್ದ.

ಆಮೇಲೆ ಅವನು ಹನ್ನೊಂದಕ್ಕೆ ಬರತೊಡಗಿದ. ಓವರ್‌ಟೈಮ್ ಅಂತೆ. ಮುಖ ಸ್ವಲ್ಪ ತಿಳಿಯಾಗಿತ್ತು. ಆದರೂ ಲೋಲಾಕ್ಷಿಯ ಮನಸ್ಸು ನಿಂತಲ್ಲಿ ನಿಲ್ಲದು. ಒಮ್ಮೆ ಎಲೆ ಮುಟ್ಟಿ ನೋಡುವಳು, ಒಮ್ಮೆ ಬಾಗಿಲಿಗೆ ಹೋಗಿ ದಾರಿ ನೋಡುವಳು. ಭಾನುವಾರ ಮಾನಸಿ ಸೊಪ್ಪು ನೋಡಲು ಬರುವವಳಿದ್ದಳು.

ಗುರುವಾರ ಒಗೆಯಲೆಂದು ಅಂಗಿಯ ಜೇಬು ತಡವಿದಾಗ ರೈಲಿನ ಪಾಸು ಸಿಕ್ಕಿತು. ತುರ್ಭೆಯಿಂದ ಡೊಂಬಿವಲಿಗೆ ಇರಬೇಕಾದದ್ದು, ತುರ್ಭೆಯಿಂದ ಕಸಾರಾಕ್ಕೆ ಇತ್ತು. ಕಲ್ಯಾಣವನ್ನೂ ದಾಟಿ, ಘಾಟಿಯ ಬುಡದ ಕಡೇ ಸ್ಟೇಷನ್ ಅದು.

"ಕಸಾರಾದಲ್ಲಿ ಯಾರಿದ್ದಾರೆ ನಿಮಗೆ?" ಎಂದು ಮಂಚದ ಎದುರು ನಿಂತಳು.

ದಯಾನಂದ ಬೈರಾಸು ಸರಿಸಿದ. "ಯಾರೂ ಇಲ್ಲ. ಥಾಣೆಯಲ್ಲಿ ಕಸಾರಾ ಗಾಡಿ ಹತ್ತಿದ್ರೆ ಬೆಳಿಗ್ಗೆ ಕಿಟಕಿ ಸೀಟು ಸಿಗ್ತದೆ. ಹೋಗ್ಲಿಕ್ಕೆ ಒಂದೂವರೆ ತಾಸು, ಅದೇ ಗಾಡಿಯಲ್ಲಿ ವಾಪಸ್ ಬರ್ಲಿಕ್ಕೆ ಇನ್ನೊಂದು ತಾಸಿನ ಮೇಲೆ. ಒಳ್ಳೆ ನಿದ್ದೆ ಆಗ್ತದೆ."

"ನಡುವೆ ಡೊಂಬಿವಲಿ ಬರುದಿಲ್ವಾ?"

"ಬರ್ತದೆ. ಕಣ್ಣು ಮುಚ್ಕೊಳ್ತೇನೆ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಲೈಟ್ ತೆಗೀತಿದ್ದಿ."

ಲೋಲಾಕ್ಷಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಸ್ವಂತ ಮನೆ ಎದುರು ಬಂದಾಗ ಕಣ್ಣು ಮುಚ್ಚಿಕೊಂಡು ಮುಂದೆ ಹೋಗುವ ಮನುಷ್ಯ! ಆ ಸಂಜೆಯೇ ಟ್ಯೂಬುಗಳನ್ನು ಬಿಚ್ಚಿ, ಚೀಲಕ್ಕೆ ಹಾಕಿ, ಅಂಗಡಿಗೆ ನಡೆದಳು. ಎಲೆ ಬಾಡಿದರೆ ಬಾಡಲಿ, ಮಾನಸಿ ಬಾರದಿದ್ದರೆ ಬಾರದಿರಲಿ ಎಂದುಕೊಂಡಳು. ಆದರೂ ಟ್ಯೂಬು ಒಡೆಯದಂತೆ ಚೀಲವನ್ನು ಎದೆಗವಚಿ ಹಿಡಿದಿದ್ದಳು.

ಜಯೇಶ್ ಪೂರ್ತಿ ಕೇಳಿ ಹಣೆ ಚಚ್ಚಿಕೊಂಡ. "ಅರೇ ಮಾಮಿ, ನಿಮ್ಮ ಮನೆಯಲ್ಲಿ ಸೂರ್ಯ ಎಲ್ಲಿದ್ದಾನೆ? ನೀವು ಸ್ವಿಚ್ ಹಾಕಿದಾಗ ಅದಕ್ಕೆ ಹಗಲು. ಸಂಜೆ ಆರೂವರೆಗೆ ಹಾಕಿ, ಬೆಳಿಗ್ಗೆ ಎಂಟೂವರೆಗೆ ಬಂದ್ ಮಾಡಿ. ಹದಿನಾಲ್ಕು ತಾಸು ಆಯ್ತಲ್ಲ!"

ಇಷ್ಟು ಸುಲಭದ ಮಾತು ತನಗೆ ಹೊಳೆಯಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಟ್ಯೂಬು ಮತ್ತೆ ಕಪಾಟು ಸೇರಿತು. ಮನಸ್ಸಿನಲ್ಲೇ ಅಮ್ಮನ ಕ್ಷಮೆ ಕೇಳಿ ಕತ್ತಲಲ್ಲಿ ಗಿಡ ಮುಟ್ಟಿದಳು. ಇಡೀ ರಾತ್ರಿ ಆ ಬಿಳಿ ಬೆಳಕಿನಲ್ಲಿ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಗಂಡ ದಿನಾ ಪಟ್ಟ ಪಾಡು ಆಗ ತಿಳಿಯಿತು. ಬೆಳಕು ಹರಿಯುತ್ತಲೇ ಫೋನ್ ಮಾಡಿ, "ಕಸಾರಾ ಬೇಡ, ಸೀದಾ ಮನೆಗೆ ಬನ್ನಿ" ಎಂದಳು.

ಎಂಟೂವರೆಗೆ ಟ್ಯೂಬು ಆರಿಸಿ ಪರದೆ ಎಳೆದಳು. ದಯಾನಂದ ಬಂದು, ಕತ್ತಲ ಕೋಣೆಯನ್ನೂ ಹೆಂಡತಿಯ ಕೆಂಪು ಕಣ್ಣನ್ನೂ ನೋಡಿದ.

"ಹಾಗಾದ್ರೆ ನಿನ್ನ ನಿದ್ದೆ?"

"ನಂದೂ ಈಗಲೇ," ಎಂದು ಮಂಚದ ಪಕ್ಕ ಚಾಪೆ ಬಿಡಿಸಿದಳು.

ಹನ್ನೊಂದು ವರ್ಷಗಳಲ್ಲಿ ವಾರದ ರಜೆ ಬಿಟ್ಟರೆ ಇಬ್ಬರೂ ಒಂದೇ ಹೊತ್ತಿಗೆ ಮಲಗಿದ್ದಿಲ್ಲ. ಒಬ್ಬರು ಏಳುವಾಗ ಇನ್ನೊಬ್ಬರು ಮಲಗುವ ಸಂಸಾರವದು. ಎಷ್ಟು ಹೊತ್ತಾದರೂ ಗೊರಕೆ ಕೇಳಿಸಲಿಲ್ಲ. ಕಡೆಗೆ ಮಂಚದ ಮೇಲಿಂದ ಅವನ ಕೈ ಇಳಿದು ಬಂದು ಅವಳ ಭುಜ ಹುಡುಕಿತು. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹೊರಗೆ ಪೇಪರಿನವನೋ ಯಾರೋ ಬೆಲ್ ಒತ್ತಿದರು, ಮತ್ತೊಮ್ಮೆ ಒತ್ತಿದರು. ಇಬ್ಬರೂ ಏಳಲಿಲ್ಲ.